ಕಾರವಾರದ ಮಳೆ, ಬೆಂಗಳೂರಿನ ವೇಳಾಪಟ್ಟಿ, ಹದಿನಾಲ್ಕು ಜನರ ಉದ್ಯಾನ ತಂಡ: ಮೇಲ್ವಿಚಾರಕರು ದಯವಿಟ್ಟು ಉತ್ತರಿಸಿ

ಕಾಳಿದಂಡೆ:
ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿ, ಕೆಲವು ಕಾಲ ನರ್ಸರಿಯಲ್ಲಿ ದುಡಿದು, ಈ ಬೇಸಿಗೆಯಿಂದ ಕಾರವಾರದ ಹತ್ತಿರದ ವಸತಿ ಸಮುಚ್ಚಯವೊಂದರಲ್ಲಿ ಉದ್ಯಾನ ವಿಭಾಗದ ಮೇಲ್ವಿಚಾರಕನಾಗಿದ್ದೇನೆ. ಸಂಬಳ ಕೊಡುವವರು ಗುತ್ತಿಗೆದಾರರು, ಕೆಲಸ ಹೇಳುವವರು ಸಮುಚ್ಚಯದ ವ್ಯವಸ್ಥಾಪಕರು. ತಂಡದಲ್ಲಿ ಹದಿನಾಲ್ಕು ಜನ: ಅಂಕೋಲಾ ಕಡೆಯ ಹೆಂಗಸರು ಆರು ಮಂದಿ, ಹಾವೇರಿ ಕಡೆಯವರು ನಾಲ್ವರು, ಒಡಿಶಾದ ಹುಡುಗರು ಇಬ್ಬರು, ಊರಿನವರು ಇಬ್ಬರು. ಇಪ್ಪತ್ತು ಎಕರೆಯಲ್ಲಿ ಅರ್ಧದಷ್ಟು ಹುಲ್ಲುಹಾಸು. ಉಳಿದದ್ದು ಹಳೆಯ ಗಾಳಿಮರ ಮತ್ತು ತೆಂಗು. ಪಶ್ಚಿಮಕ್ಕೆ ಮರಳಿನ ದಿಬ್ಬ, ಅದರಾಚೆ ಸಮುದ್ರ.

ಕಚೇರಿಯ ಗೋಡೆಯ ಮೇಲೊಂದು ವೇಳಾಪಟ್ಟಿ ಇದೆ. ಬೆಂಗಳೂರಿನ ಯಾವುದೋ ಆವರಣಕ್ಕೆ ಮಾಡಿದ್ದನ್ನೇ ಹೆಸರು ಬದಲಿಸಿ ಇಲ್ಲಿಗೆ ಅಂಟಿಸಿದ್ದಾರೆ. ಸೋಮವಾರ ಹುಲ್ಲು ಕತ್ತರಿಸುವುದು, ಮಂಗಳವಾರ ಬೇಲಿಗಿಡ, ಬುಧವಾರ ಗೊಬ್ಬರ, ಗುರುವಾರ ಔಷಧ ಸಿಂಪಡಣೆ. ಜನವರಿಗೂ ಅದೇ, ಜುಲೈಗೂ ಅದೇ. ಈಗ ಸುರಿಯುತ್ತಿರುವ ಮಳೆಯಲ್ಲಿ ಯಂತ್ರ ಇಳಿಸಿದರೆ ಚಕ್ರ ಹೂತುಹೋಗುತ್ತದೆ, ಇಳಿಸದಿದ್ದರೆ ಸಂಜೆಯ ವರದಿಯಲ್ಲಿ ಕೆಂಪು ಗುರುತು ಬೀಳುತ್ತದೆ.

ಇನ್ನೊಂದು ವಿಷಯ. ತಂಡದ ಹಿರಿಯರೊಬ್ಬರು ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದಾರೆ. ಏನು ಹೇಳಿದರೂ ‘ಆಯಿತು ಸರ್’ ಎನ್ನುತ್ತಾರೆ, ಮಾಡುವುದು ತಮಗೆ ತೋಚಿದ್ದನ್ನೇ. ಉಳಿದವರೂ ಅವರ ಮುಖ ನೋಡಿಕೊಂಡೇ ಕೈಯಾಡಿಸುತ್ತಾರೆ. ಕರಾವಳಿಯಲ್ಲಿ ಇಂಥ ತಂಡ ನಡೆಸಿದವರು ಹೇಗೆ ನಿಭಾಯಿಸಿದಿರಿ?

ಶರಾವತಿ ಅಳಿವೆ:
ಹೊನ್ನಾವರದ ಕಡೆ ಎರಡು ವಿಶ್ರಾಂತಿಧಾಮಗಳ ಉದ್ಯಾನ ನೋಡಿಕೊಳ್ಳುತ್ತೇನೆ. ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಇಳಿಸುವ ದಾರಿ ಹುಡುಕಿ, ಉಳಿದದ್ದು ಆಮೇಲೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನದು ಅದರ ಮೂರನೇ ಒಂದು ಭಾಗದ ಆಸುಪಾಸು, ಅದೂ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ. ಅಲ್ಲಿಯ ವಾರದ ಲೆಕ್ಕ ಇಲ್ಲಿಗೆ ಒಗ್ಗುವುದಿಲ್ಲ.

ನಮ್ಮಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮಳೆಗೆ ಮುಂಚೆ ಗಟಾರಗಳನ್ನೆಲ್ಲ ಬಿಡಿಸಿ, ಗಾಳಿಮರದ ಒಣಕೊಂಬೆ ತೆಗೆಸಿ, ತೆಂಗಿನ ಒಣ ಮಡಲು ಮತ್ತು ಬಲಿತ ಕಾಯಿ ಇಳಿಸಬೇಕು. ಮೇ ಮುಗಿಯುವುದರೊಳಗೆ ಇದಾಗದಿದ್ದರೆ ಜೂನ್‌ನ ಮೊದಲ ಗಾಳಿಗೆ ಅವೇ ಕೆಳಗಿಳಿಯುತ್ತವೆ, ಯಾರ ಕಾರಿನ ಮೇಲೆ ಎಂಬುದಷ್ಟೇ ಪ್ರಶ್ನೆ. ಮಳೆ ಹಿಡಿದ ಮೇಲೆ ಜೂನ್ ಪೂರ್ತಿ ನೆಡುವ ಕೆಲಸ. ಜುಲೈ, ಆಗಸ್ಟ್‌ನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಒಂದೆರಡು ಹಂತ ಎತ್ತರಿಸಿ, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಎರಡು ತಾಸು ಬಿಸಿಲು ಬಂದರೆ ಉಳಿದೆಲ್ಲ ಕೆಲಸ ಬಿಟ್ಟು ಎಲ್ಲರನ್ನೂ ಹುಲ್ಲಿಗೆ ಹಾಕಿ. ಅದು ಸೋಮವಾರವೇ ಆಗಬೇಕೆಂದಿಲ್ಲ. ಈ ತಿಂಗಳಲ್ಲಿ ಯೂರಿಯಾ ಹಾಕುವವರು ದುಡ್ಡನ್ನು ನೇರವಾಗಿ ಗಟಾರಕ್ಕೆ ಸುರಿಯುತ್ತಿದ್ದಾರೆ. ಗೊಬ್ಬರದ ಕಾಲ ಸೆಪ್ಟೆಂಬರ್ ಕೊನೆ, ಅಕ್ಟೋಬರ್.

ವ್ಯವಸ್ಥಾಪಕರಿಗೆ ‘ಆಗುವುದಿಲ್ಲ’ ಎಂದು ಹೇಳಬೇಡಿ. ತಿಂಗಳವಾರು ಬೇರೊಂದು ಪಟ್ಟಿ ಮಾಡಿಕೊಂಡು ಹೋಗಿ. ಅದರಲ್ಲಿ ವಾರದ ಹೆಸರು ಬೇಡ. ಕೆಲಸ ಮುಗಿದಾಗ ಏನು ಕಾಣಬೇಕು ಎಂದು ಬರೆಯಿರಿ: ಹುಲ್ಲು ಇಷ್ಟು ಇಂಚಿನೊಳಗೆ ಇರಬೇಕು, ದಾರಿಯ ಮೇಲೆ ಪಾಚಿ ಇರಬಾರದು, ಗಟಾರದಲ್ಲಿ ನೀರು ನಿಲ್ಲಬಾರದು. ಅವರಿಗೂ ಮೇಲಿನವರಿಗೆ ತೋರಿಸಲು ಒಂದು ಕಾಗದ ಬೇಕು, ಅಷ್ಟೇ.

ಹಿರಿಯರ ವಿಷಯ. ಬೆಳಿಗ್ಗೆ ಎಲ್ಲರ ಎದುರು ಕೆಲಸ ಹಂಚುವ ಮೊದಲು ಅವರೊಬ್ಬರ ಜೊತೆ ಹತ್ತು ನಿಮಿಷ ಜಾಗ ಸುತ್ತಿ ಬನ್ನಿ. ಎಲ್ಲಿ ನೀರು ನಿಂತಿದೆ, ಯಾವ ಮರ ಅಲ್ಲಾಡುತ್ತಿದೆ ಎಂದು ಅವರ ಬಾಯಿಂದಲೇ ಕೇಳಿ. ಆಮೇಲೆ ನೀವು ಹೇಳುವುದು ಅವರ ಮಾತೂ ಆಗಿರುತ್ತದೆ.

ಫೈಲು ಮತ್ತು ಫಾವಡೆ:
ನಾನು ಎದುರು ಪಕ್ಷದವನು, ಆವರಣ ವ್ಯವಸ್ಥಾಪಕ. ಮೇಲಿನ ಸಲಹೆ ಕೇಳಲು ಚೆನ್ನಾಗಿದೆ. ಆದರೆ ‘ಮಳೆ ಇತ್ತು’ ಎನ್ನುವುದು ಕರಾವಳಿಯಲ್ಲಿ ನಾಲ್ಕು ತಿಂಗಳ ರಜೆ ಚೀಟಿ ಆಗಿಬಿಟ್ಟಿದೆ. ನಿವಾಸಿಗಳು ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಕೊಡುತ್ತಾರೆ. ಮಳೆಗಾಲಕ್ಕೆ ರಿಯಾಯಿತಿ ಕೊಡಿ ಎಂದು ಯಾರೂ ಕೇಳಿಲ್ಲ, ನಾವೂ ಕೊಟ್ಟಿಲ್ಲ. ಹುಲ್ಲು ಮೊಣಕಾಲಿಗೆ ಬಂದಾಗ ದೂರು ಬರುವುದು ನನ್ನ ಮೊಬೈಲಿಗೆ. ವಾರದ ಪಟ್ಟಿ ಇರುವುದು ಹುಲ್ಲಿಗಾಗಿ ಅಲ್ಲ, ಜನ ಶೆಡ್ಡಿನಲ್ಲಿ ಕುಳಿತು ಇಸ್ಪೀಟು ಆಡಬಾರದು ಎಂದು.

ಶರಾವತಿ ಅಳಿವೆ:
ಶೆಡ್ಡಿನಲ್ಲಿ ಮಾಡಿಸುವ ಕೆಲಸ ಮೊದಲೇ ಇಟ್ಟುಕೊಳ್ಳದಿದ್ದರೆ ಇಸ್ಪೀಟೇ ಆಡುತ್ತಾರೆ, ನಾನಾದರೂ ಆಡುತ್ತೇನೆ. ಅಲಗು ಮಸೆಯುವುದು, ಕತ್ತಿ, ಹಾರೆ, ಪಿಕಾಸಿಗೆ ಹೊಸ ಹಿಡಿ ಕೂರಿಸುವುದು, ಪಾಕೆಟ್‌ಗಳಿಗೆ ಮಣ್ಣು ತುಂಬುವುದು, ಕ್ರೋಟನ್, ದಾಸವಾಳ, ಕಣಗಿಲೆಯ ಕಡ್ಡಿ ನೆಡುವುದು. ಜುಲೈನಲ್ಲಿ ನೆಟ್ಟ ಕಡ್ಡಿಗೆ ಯಾರೂ ನೀರು ಹಾಕಬೇಕಾಗಿಲ್ಲ. ಒಂದು ಮಳೆಗಾಲದಲ್ಲಿ ಮುಂದಿನ ವರ್ಷದ ಬೇಲಿಗಿಡ ಪೂರ್ತಿ ತಯಾರಾಗುತ್ತದೆ. ನರ್ಸರಿಗೆ ಕೊಡುವ ದುಡ್ಡು ಉಳಿದ ಲೆಕ್ಕ ತೋರಿಸಿದರೆ ಯಾವ ವ್ಯವಸ್ಥಾಪಕರೂ ಮುಖ ತಿರುಗಿಸುವುದಿಲ್ಲ. ನೀವೂ ಸೇರಿ.

ಸೊಪ್ಪಿನಬೆಟ್ಟ:
ನಾನು ಶಿರಸಿಯವನು, ಒಂದು ಶಿಕ್ಷಣ ಸಂಸ್ಥೆಯ ಆವರಣದ ಹೊಣೆ ನನ್ನದು. ಕರಾವಳಿಯವರಿಗೆ ಮಳೆಯ ಪಟ್ಟಿ ಸಾಕು. ನಮಗೆ ಅದರ ಪಕ್ಕದಲ್ಲಿ ಅಡಿಕೆಯ ಪಟ್ಟಿಯೂ ಬೇಕು. ಜೂನ್ ಬಂತೆಂದರೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಬೋರ್ಡೊ ದ್ರಾವಣ ಹೊಡೆಯುವ ಕೆಲಸ, ಮರ ಹತ್ತುವವರೆಲ್ಲ ತೋಟದಲ್ಲಿ. ನವೆಂಬರ್‌ನಿಂದ ಕೊನೆ ಕೊಯ್ಲು, ಅಡಿಕೆ ಸುಲಿಯುವುದು. ಆಗ ತೋಟದವರು ಕೊಡುವ ಕೂಲಿಯ ಎದುರು ನಮ್ಮ ಗುತ್ತಿಗೆದಾರರ ಕೂಲಿ ಮುಖ ತೋರಿಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದರೆ ಆ ವಾರ ಯಾರನ್ನೂ ಕರೆಯಬೇಡಿ. ಕರಾವಳಿಯಲ್ಲಿ ಸುಗ್ಗಿ, ಬಂಡಿಹಬ್ಬ, ಚೌತಿ ಇದ್ದೇ ಇವೆ. ಇವನ್ನೆಲ್ಲ ಗೈರುಹಾಜರಿ ಎಂದು ಬರೆದು ಜಗಳ ಮಾಡುವ ಬದಲು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ದಿನಗಳಿಗೆ ದೊಡ್ಡ ಕೆಲಸ ಇಟ್ಟುಕೊಳ್ಳದಿದ್ದರೆ ಮುಗಿಯಿತು. ನಿಮ್ಮ ಕಡೆ ಒಂದು ಅನುಕೂಲವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಿಮ್ಮ ಹುಲ್ಲು ಏಳುವ ಹೊತ್ತಿಗೇ ಬಂದರಿನಲ್ಲಿ ದುಡಿಯುವ ಕೆಲವು ಕೈಗಳು ಖಾಲಿ ಇರುತ್ತವೆ. ಎರಡು ತಿಂಗಳ ಮಟ್ಟಿಗೆ ಕೇಳಿ ನೋಡಿ.

ಇನ್ನೊಂದು ಮಾತು, ಘಟ್ಟದ ಮೇಲಿನವರಿಗೂ ಅಂಚಿನವರಿಗೂ. ನಾವು ಬೇಸಿಗೆಯಲ್ಲಿ ಕಾಡಿನಂಚಿನಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಗಿಡದ ಬುಡಕ್ಕೆ ಹಾಸುತ್ತೇವೆ. ಮಂಗನ ಕಾಯಿಲೆಯ ಕಾಲವೂ ಅದೇ, ಡಿಸೆಂಬರ್‌ನಿಂದ ಮೇವರೆಗೆ. ಒಣ ಎಲೆಯ ರಾಶಿಯಲ್ಲಿ ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಇರುತ್ತದೆ. ಸಿದ್ದಾಪುರ ತಾಲ್ಲೂಕು 2024ರಲ್ಲಿ ಪಟ್ಟ ಪಾಡು ನಮ್ಮ ಕಡೆ ಯಾರೂ ಮರೆತಿಲ್ಲ. ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಒಬ್ಬರನ್ನೂ ಬೆಟ್ಟಕ್ಕೆ ಬಿಡುವುದಿಲ್ಲ. ಉದ್ದ ತೋಳಿನ ಅಂಗಿ, ಸಂಜೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆ ಕುದಿವ ನೀರಿಗೆ. ಮಂಗ ಸತ್ತಿದ್ದು ಕಂಡರೆ ಆ ಜಾಗದ ಕೆಲಸ ಅಲ್ಲಿಗೆ ನಿಂತಿತು, ಮೊದಲ ಫೋನು ಆರೋಗ್ಯ ಕೇಂದ್ರಕ್ಕೆ. ಕೆಲಸದವರು ‘ನಮಗೆ ರೂಢಿ ಇದೆ’ ಎನ್ನುತ್ತಾರೆ. ರೂಢಿ ಉಣುಗಿಗೂ ಇದೆ.

ಕುಮಟಾ ಗ್ಯಾರೇಜ್:
ಯಂತ್ರದ ಮಾತು ಯಾರೂ ಎತ್ತಿಲ್ಲ, ಅಚ್ಚರಿ. ನನ್ನ ಅಂಗಡಿಗೆ ಜುಲೈನಲ್ಲಿ ಬರುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಹೆಚ್ಚಿನವು ಎರಡೇ ಕಾರಣಕ್ಕೆ ಬರುತ್ತವೆ. ಒಂದು, ಎಣ್ಣೆಯ ಲೆಕ್ಕ. ಎರಡು ಸ್ಟ್ರೋಕಿನ ಯಂತ್ರಕ್ಕೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು. ಕೆಲವು ಕಂಪನಿಯವರು ಲೀಟರಿಗೆ 20 ಮಿಲಿ ಹೇಳುತ್ತಾರೆ, ಕೆಲವರು 40 ಮಿಲಿ. ತಂಡದಲ್ಲಿ ಎರಡು ಬಗೆಯ ಯಂತ್ರ, ಡಬ್ಬ ಮಾತ್ರ ಒಂದೇ. ಆಮೇಲೆ ಪಿಸ್ಟನ್ ಹಿಡಿದುಕೊಂಡಿತು ಎಂದು ನನ್ನಲ್ಲಿಗೆ. ಡಬ್ಬಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಯಂತ್ರಕ್ಕೂ ಅದೇ ಬಣ್ಣದ ಪಟ್ಟಿ ಸುತ್ತಿ. ಓದು ಬಾರದವರೂ ತಪ್ಪುವುದಿಲ್ಲ. ನಾಲ್ಕು ಸ್ಟ್ರೋಕಿನ ಯಂತ್ರಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೇಡವೇ ಬೇಡ. ಎರಡು, ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಮಳೆಗಾಲದಲ್ಲಿ ತೇವ ಹೀರಿಕೊಳ್ಳುತ್ತದೆ. ವಾರಗಟ್ಟಲೆ ಯಂತ್ರ ಬಳಸುವುದಿಲ್ಲವಾದರೆ ಟ್ಯಾಂಕ್ ಬಸಿದು, ಉಳಿದದ್ದು ಉರಿದು ಮುಗಿಯುವವರೆಗೆ ಓಡಿಸಿ ಇಡಿ.

ಲೋಹದ ಅಲಗಿನ ಬಗ್ಗೆ. ಕೆಂಪುಕಲ್ಲು ಎದ್ದಿರುವ ಜಾಗದಲ್ಲಿ, ಕಟ್ಟಡದ ಹತ್ತಿರ, ವಾಹನ ನಿಲ್ಲುವ ಕಡೆ ನೈಲಾನ್ ದಾರವನ್ನೇ ಬಳಸಿ. ಅದರಲ್ಲೂ ಕಲ್ಲು ಹಾರುತ್ತದೆ, ಅಲಗಿನಷ್ಟು ಜೋರಾಗಿ ಅಲ್ಲ. ಯಂತ್ರ ಹಿಡಿದವರಿಂದ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ. ನಾನು ನೋಡುವ ಜಾಗಗಳಲ್ಲಿ ಒಬ್ಬರು ಕತ್ತರಿಸುತ್ತಿದ್ದರೆ ಅವರ ಹಿಂದೆಯೇ ಹೆಂಗಸರು ಹುಲ್ಲು ಒಟ್ಟುಮಾಡುತ್ತಿರುತ್ತಾರೆ. ಮುಖ ಮುಚ್ಚುವ ಜಾಲರಿ, ಕಣ್ಣಿಗೆ ಕನ್ನಡಕ, ಮೊಣಕಾಲಿನ ಕೆಳಗಿನ ಕವಚ. ಈ ಮೂರೂ ಸೇರಿ ಯಂತ್ರದ ಒಂದು ರಿಪೇರಿಯ ಖರ್ಚಿಗಿಂತ ಕಡಿಮೆ.

ಬೇಲೇಕೇರಿ ಅಕ್ಕ:
ಮೇಲೆ ಬರೆದವರೆಲ್ಲ ಗಂಡಸರು ಎಂದುಕೊಳ್ಳುತ್ತೇನೆ, ಏಕೆಂದರೆ ತಂಡದ ಆರು ಹೆಂಗಸರ ಬಗ್ಗೆ ಹುಲ್ಲು ಒಟ್ಟುಮಾಡುವವರು ಎಂಬುದರ ಹೊರತು ಒಂದು ಸಾಲೂ ಇಲ್ಲ. ನಾನು ಹೆದ್ದಾರಿ ವಿಭಜಕದ ಗಿಡಗಳ ನಿರ್ವಹಣೆಯಲ್ಲಿ ಮುಕ್ಕಾದಮ್, ಅಂದರೆ ಕೂಲಿ ತಂಡದ ಮುಖ್ಯಸ್ಥೆ, ಆಗಿದ್ದವಳು, ಈಗ ಒಂದು ಸಂಸ್ಥೆಯ ಉದ್ಯಾನದಲ್ಲಿ ತಂಡ ನೋಡುತ್ತೇನೆ. ಕಾಳಿದಂಡೆಯವರೇ, ಇವತ್ತೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಆರು ಜನರಿಗೆ ಶೌಚಾಲಯ ಎಲ್ಲಿದೆ? ಇಪ್ಪತ್ತು ಎಕರೆಯ ಆಚೆ ತುದಿಯಿಂದ ಅಲ್ಲಿಗೆ ಹೋಗಿ ಬಂದರೆ ‘ಎಲ್ಲಿ ಹೋಗಿದ್ದಿ’ ಎಂದು ಯಾರಾದರೂ ಕೇಳುತ್ತಾರೆಯೇ? ಮಳೆಯಂಗಿ ಕೊಟ್ಟಿದ್ದಾರೆಯೇ, ಪ್ಲಾಸ್ಟಿಕ್ ಚೀಲ ಹರಿದು ಕೊಪ್ಪೆ ಹಾಕಿಕೊಂಡಿದ್ದಾರೆಯೇ? ಮೂರನೆಯದು ಕೂಲಿ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ‘ಗಂಡಾಳು ದರ, ಹೆಣ್ಣಾಳು ದರ’ ಎಂಬ ಎರಡು ಕಾಲಮ್ ಈಗಲೂ ಹಾಜರಿ ಪುಸ್ತಕದಲ್ಲಿ ರಾಜಾರೋಷವಾಗಿ ಕುಳಿತಿರುತ್ತದೆ.

ಗಿಡದ ಮಾತಿಗೂ ಅವರನ್ನೇ ಕೇಳಿ. ಅಂಕೋಲಾ ಕಡೆಯವರು ಎಂದಿರಿ. ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಬೀಜ ಹಾಕುತ್ತಿದ್ದವರು. ಪದ್ಮಶ್ರೀ ಘೋಷಣೆಯಾದದ್ದು 2020ರಲ್ಲಿ. ಅದಕ್ಕೂ ದಶಕಗಳ ಮೊದಲೇ, ಯಾವ ತಾಯಿಮರದ ಬೀಜ ಯಾವಾಗ ಆಯಬೇಕು ಎಂದು ಅಧಿಕಾರಿಗಳು ಅವರನ್ನು ಕೇಳಿ ತಿಳಿಯುತ್ತಿದ್ದರು. ನನ್ನ ತಂಡದಲ್ಲಿ ಹಾಲಕ್ಕಿ ಸಮುದಾಯದ ಒಬ್ಬ ಹೆಂಗಸು ಇದ್ದಾರೆ. ಕೇಪಳದ ಸಾಲಿನಲ್ಲಿ ಒಂದು ಗಿಡ ಮಂಕಾಗಿತ್ತು. ನಾನು ರೋಗ ಎಂದುಕೊಂಡು ಔಷಧದ ಹೆಸರು ಹುಡುಕುತ್ತಿದ್ದೆ. ಅವರು ಬುಡದ ಹತ್ತಿರ ಕೂತು ಮಣ್ಣಿಗೆ ಎರಡು ಬೆರಳು ಇಳಿಸಿದರು, ಮೂಸಿದರು, ‘ಇದಕ್ಕೆ ಉಸಿರು ಕಟ್ಟಿದೆ’ ಎಂದರು. ಅಗೆದು ನೋಡಿದರೆ ಕಟ್ಟಡದವರು ಬಿಟ್ಟುಹೋದ ಸಿಮೆಂಟಿನ ಪದರ, ಅದರ ಮೇಲೆ ನೀರು ನಿಂತು ಬೇರು ಕಪ್ಪಾಗಿತ್ತು. ಅವರಿಗೆ ಮೇಲ್ವಿಚಾರಕಿಯ ಹುದ್ದೆ ಕೊಡಲು ಹತ್ತನೆಯ ತರಗತಿಯ ಅಂಕಪಟ್ಟಿ ಬೇಕಂತೆ.

ಫೈಲು ಮತ್ತು ಫಾವಡೆ:
ಅಂಕಪಟ್ಟಿಯ ನಿಯಮ ನಮ್ಮದಲ್ಲ, ಟೆಂಡರಿನದು. ಆದರೆ ಮಾತು ಸರಿ ಇದೆ.

ಲೆಕ್ಕಪತ್ರದವರು:
ಗುತ್ತಿಗೆ ಕಾರ್ಮಿಕರ ಲೆಕ್ಕ ಬರೆಯುವುದು ನನ್ನ ವೃತ್ತಿ. ಕಾಳಿದಂಡೆಯವರು ಕೇಳದಿದ್ದರೂ ಹೇಳಲೇಬೇಕು, ಏಕೆಂದರೆ ಸಂಬಳ ತಡವಾದಾಗ ಕೆಲಸದವರು ಬಂದು ನಿಲ್ಲುವುದು ಮೇಲ್ವಿಚಾರಕರ ಎದುರು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತ, ಅಂದರೆ ನಿಮ್ಮ ಸಮುಚ್ಚಯ, ಕೊಡಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಈಗ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡುವುದೂ ಕಡ್ಡಾಯ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು.

ಭವಿಷ್ಯನಿಧಿಗೆ ಶೇ 12 ಕಡಿತವಾಗುತ್ತದೆ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಅನ್ವಯವಾಗುವ ಕಡೆ ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25. ಚೀಟಿಯಲ್ಲಿ ಕಡಿತ ತೋರಿಸಿದ ಮಾತ್ರಕ್ಕೆ ಖಾತೆಗೆ ಜಮಾ ಆಗಿದೆ ಎಂದಲ್ಲ. ಕೆಲಸದವರ ಮೊಬೈಲಿನಲ್ಲಿ ಭವಿಷ್ಯನಿಧಿಯ ಖಾತೆ ತೆರೆದು ತೋರಿಸಿ. ಒಬ್ಬರದು ನೋಡಿದರೆ ಉಳಿದ ಹದಿಮೂರರ ಕಥೆ ಗೊತ್ತಾಗುತ್ತದೆ. ಮುಂಗಡದ ವ್ಯವಹಾರ ಮೇಲ್ವಿಚಾರಕರ ಜೇಬಿನಿಂದ ಮಾತ್ರ ಬೇಡ. ಚೌತಿಗೆ ಎಂದು ಕೊಟ್ಟದ್ದು ದೀಪಾವಳಿಯ ಹೊತ್ತಿಗೆ ಜಗಳವಾಗಿರುತ್ತದೆ.

ಸೊಪ್ಪಿನಬೆಟ್ಟ:
ಆ ಗುರುವಾರದ ಔಷಧ ಸಿಂಪಡಣೆ ಏನು? ಕಳೆನಾಶಕವಾಗಿದ್ದರೆ ಎಚ್ಚರ. ಗ್ಲೈಫೋಸೇಟ್ ಅನ್ನು ಕೀಟ ನಿಯಂತ್ರಣ ಪರವಾನಗಿ ಇರುವವರ ಮೂಲಕವೇ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಒಡಿಶಾದ ಹುಡುಗನ ಬೆನ್ನಿಗೆ ಕ್ಯಾನು ಕಟ್ಟಿ ಕಳಿಸುವುದು ಅಲ್ಲ.

ಕಾಳಿದಂಡೆ:
ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತದೆ ಎಂದುಕೊಂಡಿರಲಿಲ್ಲ. ತಿಂಗಳವಾರು ಪಟ್ಟಿ ಮಾಡಿ ವ್ಯವಸ್ಥಾಪಕರಿಗೆ ಕೊಟ್ಟೆ. ಜುಲೈ, ಆಗಸ್ಟ್ ಮಟ್ಟಿಗೆ ಒಪ್ಪಿದರು. ಅಕ್ಟೋಬರ್‌ನಿಂದ ಮತ್ತೆ ವಾರದ ಪಟ್ಟಿಯೇ ಎಂದಿದ್ದಾರೆ. ಮಳೆಯಂಗಿಗೆ ಬೇಡಿಕೆ ಹೋಗಿದೆ. ಹೆಂಗಸರಿಗೆ ಕ್ಲಬ್ ಕಟ್ಟಡದ ಹಿಂದಿನ ಶೌಚಾಲಯದ ಬೀಗದ ಕೈ ಕೊಡಿಸಿದೆ. ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಹಿರಿಯರ ಜೊತೆ ಬೆಳಿಗ್ಗೆ ಸುತ್ತುತ್ತಿದ್ದೇನೆ. ಈಗಲೂ ‘ಆಯಿತು ಸರ್’ ಎನ್ನುತ್ತಾರೆ. ಆದರೆ ನಿನ್ನೆ ನಾನು ಹೇಳಿದ ಕಡೆ ಗಟಾರ ಬಿಡಿಸುವ ಮೊದಲು ‘ಅಲ್ಲಿ ಬೇಡ, ನೀರು ಈ ಕಡೆಯಿಂದ ಬರುತ್ತದೆ’ ಎಂದು ಬಾಯಿಬಿಟ್ಟು ಹೇಳಿದರು.

ಹೊಸ ಸಮಸ್ಯೆ ಮರಳಿನ ದಿಬ್ಬದ್ದು. ಸಮುದ್ರ ಕಾಣಲಿ ಎಂದು ದಿಬ್ಬದ ಮೇಲಿನ ಬಳ್ಳಿ, ಮುಳ್ಳುಹುಲ್ಲು ಎಲ್ಲ ತೆಗೆದು, ಸಮತಟ್ಟು ಮಾಡಿ ಮೆಕ್ಸಿಕನ್ ಹುಲ್ಲು ಹಾಸಬೇಕಂತೆ. ಮಳೆ ಮುಗಿದ ಕೂಡಲೇ ಶುರುಮಾಡಿ ಎಂದಿದ್ದಾರೆ.

ಶರಾವತಿ ಅಳಿವೆ:
ಮುಟ್ಟಬೇಡಿ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಮರಳು ದಿಬ್ಬಗಳು ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿವೆ. ನಾಳೆ ತನಿಖೆಗೆ ಬಂದವರು ಕೇಳುವುದು ‘ಸ್ಥಳದಲ್ಲಿದ್ದ ಮೇಲ್ವಿಚಾರಕರು ಯಾರು’ ಎಂದು. ಬಾಯಿಮಾತಿನ ಆದೇಶಕ್ಕೆ ಹಾರೆ ಎತ್ತಿಸಬೇಡಿ, ಲಿಖಿತವಾಗಿ ಕೇಳಿ. ಬಹಳಷ್ಟು ಯೋಜನೆಗಳು ಅಲ್ಲಿಗೇ ನಿಲ್ಲುತ್ತವೆ.

ಕೆಲಸದ ದೃಷ್ಟಿಯಿಂದಲೂ ಅದು ದಂಡ. ನೀವು ಮುಳ್ಳುಹುಲ್ಲು ಎನ್ನುವುದು ರಾವಣನ ಮೀಸೆ, ಬಳ್ಳಿ ಅಡಂಬು. ಅವೆರಡೂ ಸೇರಿ ಮರಳನ್ನು ಹಿಡಿದಿಟ್ಟಿವೆ. ಅವನ್ನು ಕಿತ್ತರೆ ಮುಂದಿನ ಜೂನ್‌ನಲ್ಲಿ ಮರಳು ನಿಮ್ಮ ಹುಲ್ಲುಹಾಸಿನ ಮೇಲೆ, ಉಪ್ಪುಗಾಳಿ ನೇರ ಬೇಲಿಗಿಡದ ಮೇಲೆ. ಜೊತೆಗೆ ನಮ್ಮ ಜಿಲ್ಲೆಯ ತೀರಕ್ಕೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ದಿಬ್ಬದ ಮೇಲೆ ದೀಪದ ಸಾಲು ಹಾಕುವ ಯೋಚನೆ ಇದ್ದರೆ ಅದನ್ನೂ ಈಗಲೇ ತಡೆಯಿರಿ.

ಫೈಲು ಮತ್ತು ಫಾವಡೆ:
ವ್ಯವಸ್ಥಾಪಕನಾಗಿ ಒಂದು ಉಪಾಯ ಹೇಳುತ್ತೇನೆ. ನಿವಾಸಿಗಳಿಗೆ ಬೇಕಾದದ್ದು ಸಮುದ್ರದ ನೋಟ, ಹುಲ್ಲಲ್ಲ. ದಿಬ್ಬದ ಈಚೆ, ನಿಮ್ಮ ಹುಲ್ಲುಹಾಸಿನ ಅಂಚಿನಲ್ಲೇ, ಎರಡು ಮೂರು ಕಡೆ ಮರದ ಎತ್ತರದ ಕಟ್ಟೆ ಕಟ್ಟಿಸಿ ಬೆಂಚು ಹಾಕಿಸಿ ಎಂದು ಸೂಚಿಸಿ. ಅದಕ್ಕೂ ಮೊದಲು ಸಂಬಂಧಪಟ್ಟವರ ಅನುಮತಿ ಬೇಕೇ ಎಂದು ಕೇಳಿಸಿ. ಹುಲ್ಲು ಹಾಸುವ ಖರ್ಚು, ಅದಕ್ಕೆ ಬೇಸಿಗೆಯಲ್ಲಿ ಬೇಕಾಗುವ ಟ್ಯಾಂಕರ್ ನೀರಿನ ಖರ್ಚು ಎರಡನ್ನೂ ಪಕ್ಕದಲ್ಲಿ ಬರೆದು ಕೊಡಿ. ಟ್ಯಾಂಕರ್ ಎಂದ ಕೂಡಲೇ ಸಭೆಯಲ್ಲಿ ಎಲ್ಲರಿಗೂ ಪರಿಸರ ನೆನಪಾಗುತ್ತದೆ.

ಬೇಲೇಕೇರಿ ಅಕ್ಕ:
ಇದು ಒಳ್ಳೆಯದು. ಹುಲ್ಲು ಬೇಕೇ ಬೇಕೆಂದರೆ ದಿಬ್ಬದ ಒಳಭಾಗಕ್ಕೆ ಉಪ್ಪು ತಡೆಯುವ ಪಾಸ್ಪಾಲಮ್ ಹಾಕಿ, ಮೆಕ್ಸಿಕನ್ ಬೇಡ. ಗಾಳಿಗೆ ಎದುರಾಗಿ ಕಣಗಿಲೆ, ಬೋಗನ್‌ವಿಲ್ಲಾ, ಅದರ ಹಿಂದೆ ಸುರಹೊನ್ನೆ. ಹೆದ್ದಾರಿಯಲ್ಲಿ ಉಪ್ಪುಗಾಳಿ, ಹೊಗೆ ಎರಡನ್ನೂ ತಿಂದು ಬದುಕಿದ್ದು ಮೊದಲಿನ ಎರಡೇ.

ಕುಮಟಾ ಗ್ಯಾರೇಜ್:
ಗಾಳಿಮರ ಕಡಿಸುವ ಮಾತು ಬಂದರೆ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಗಳನ್ನು ಮೊದಲು ಕೇಳಿ, 1976ರ ಮರಗಳ ಸಂರಕ್ಷಣಾ ಕಾಯ್ದೆ ಖಾಸಗಿ ಆವರಣಕ್ಕೂ ಅನ್ವಯಿಸುತ್ತದೆ. ತಂತಿಯ ಹತ್ತಿರದ ಕೊಂಬೆಯಾದರೆ ಹೆಸ್ಕಾಂನವರಿಂದ ವಿದ್ಯುತ್ ನಿಲ್ಲಿಸಿಕೊಂಡ ಮೇಲೆಯೇ ಏಣಿ ಹಾಕಿಸಿ. ಸರಪಳಿ ಗರಗಸವನ್ನು ಬಾಡಿಗೆಗೆ ತರುವುದಾದರೆ ಅದನ್ನು ಹಿಡಿಯಲು ಬರುವವರನ್ನೂ ಜೊತೆಗೇ ಕರೆತನ್ನಿ.

ಕಾಳಿದಂಡೆ:
ಲಿಖಿತ ಆದೇಶ ಕೇಳಿ ಮಿಂಚಂಚೆ ಕಳಿಸಿದ್ದೇನೆ, ಟ್ಯಾಂಕರ್ ಲೆಕ್ಕವನ್ನೂ ಸೇರಿಸಿ. ಇನ್ನೂ ಉತ್ತರ ಇಲ್ಲ. ಅಷ್ಟರೊಳಗೆ ಒಂದು ಚಿಕ್ಕ ಪ್ರಶ್ನೆ. ತೆಂಗಿನ ಸಾಲಿನ ಪಕ್ಕದಲ್ಲೇ ಕತ್ತರಿಸಿದ ಹುಲ್ಲು, ಎಲೆ ರಾಶಿ ಹಾಕಿ ಗೊಬ್ಬರ ಮಾಡುತ್ತಿದ್ದಾರೆ. ರಾಶಿಯಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಕಂಡವು.

ಸೊಪ್ಪಿನಬೆಟ್ಟ:
ಕುರುವಾಯಿ ದುಂಬಿಯ ಮರಿಗಳಿರಬಹುದು. ಆ ದುಂಬಿ ತೆಂಗಿನ ಸುಳಿಯನ್ನೇ ಕೊರೆಯುತ್ತದೆ. ರಾಶಿಯನ್ನು ತೆಂಗಿನಿಂದ ದೂರ ಸಾಗಿಸಿ, ಮಗುಚಿ ಹಾಕಿಸಿ, ಹುಳು ಆರಿಸಿ. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ರಾಶಿಗೆ ಬೆರೆಸಬಹುದು, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸುಳಿಯ ಎಲೆ ಬೀಸಣಿಗೆ ಕತ್ತರಿಸಿದಂತೆ ತ್ರಿಕೋನಾಕಾರದಲ್ಲಿ ಕಡಿದುಹೋಗಿದೆಯೇ ನೋಡಿ. ಹಾಗಿದ್ದರೆ ಯಾವ ಮರ, ಎಷ್ಟು ವಯಸ್ಸು ಎಂದು ಬರೆದು ಚಿತ್ರ ಹಾಕಿ.